ಅಯ್ಯೋ ಪಾಪ ಅಂದವರು ಯಾರು?

ನನ್ನ ಮೊದಲ ಐಡಿಯಾದಲ್ಲಿ ಹದಿನಾಲ್ಕು ಜನ ಸಾಯುತ್ತಿದ್ದರು. ಎರಡನೆಯದರಲ್ಲಿ ಇಡೀ ಊರು. ಮೂರನೆಯದರಲ್ಲಿ ಒಬ್ಬ ಕಟುಕ ತನ್ನ ಕೈಯನ್ನು ತಾನೇ ಕಡಿದುಕೊಳ್ಳುತ್ತಿದ್ದ, ಕಡಿದ ಕೈ ನೆಲದಿಂದ ಎದ್ದು ಅವನ ಕತ್ತು ಹಿಸುಕುತ್ತಿತ್ತು. ಎರಡು ಬಾಟಲಿ ಕೆಂಪು ಬಣ್ಣ ಖಾಲಿ ಮಾಡಿದ್ದೆ. ನಾಲ್ಕು ನಿಮಿಷದ ಅನಿಮೇಷನ್ ಚಿತ್ರದಲ್ಲಿ ಇದಕ್ಕಿಂತ ಹೆಚ್ಚು ರಕ್ತ ಹಿಡಿಸುವುದಿಲ್ಲ ಎಂಬ ಹೆಮ್ಮೆ ಬೇರೆ.

ನಮ್ಮ ಕಲಾಶಾಲೆಯಲ್ಲಿ ಮೂರನೇ ವರ್ಷದವರು ತಮ್ಮದೇ ಒಂದು ಕಿರುಚಿತ್ರ ಮಾಡಬೇಕು. ಐಡಿಯಾ ಒಪ್ಪಿಗೆಯಾಗದವರು ವರ್ಷವಿಡೀ ಒಪ್ಪಿಗೆಯಾದವರ ಚಿತ್ರಕ್ಕೆ ಬಣ್ಣ ತುಂಬುತ್ತಾ ಕೂರಬೇಕು. ಆ ಗತಿ ಬಂದರೆ ನಾನು ಓದು ಬಿಟ್ಟು, ಅಮ್ಮನ ಹಾಗೆ ಇಟಲಿಗೆ ಹೋಗಿ ಮುದುಕಿಯರ ಹಾಸಿಗೆಬಟ್ಟೆ ಒಗೆಯುವುದೇ ವಾಸಿ ಅಂದುಕೊಂಡಿದ್ದೆ. ಎಕತೆರಿನಾ ಮೇಡಂ ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆಯನ್ನು ಅಂಗೈಗೆ ಉಗುಳಿಕೊಳ್ಳುತ್ತಾ ಹಾಳೆಗಳನ್ನು ತಿರುವಿದರು.

"ರಕ್ತ ಬೇಕಾದಷ್ಟಿದೆ ಕಣೇ ದೊಮ್ನಿಕಾ. ನೋವಾಗಿದ್ದು ಯಾರಿಗೆ?"

"ಎಲ್ರಿಗೂ ಮೇಡಂ. ಎಲ್ರೂ ಸತ್ರಲ್ಲ."

"ಸಾಯೋದು ಬೇರೆ, ನೋಯೋದು ಬೇರೆ. ಇದು ಟೊಮೆಟೊ ಸಾಸು. ತಗೊಂಡ್ ಹೋಗು."

ಮೈಯೆಲ್ಲ ಉರಿದುಹೋಯಿತು. ಹಾಳೆಗಳನ್ನು ಬಾಚಿಕೊಳ್ಳುವಾಗ ಅವರು ಒಂದರ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದರು. ಅಲ್ಲಿ ಪೆನ್ಸಿಲಿನಲ್ಲಿ ಗೀಚಿದ ಒಂದು ಹಂದಿ ಇತ್ತು, ಮೈಗೆ ಬೆಂಕಿ ಹತ್ತಿಕೊಂಡು ನಾಲ್ಕು ಕಾಲ ಮೇಲೆ ನಿಂತದ್ದು.

"ಇದ್ಯಾವುದು?"

"ಏನಿಲ್ಲ, ಸುಮ್ನೆ ಗೀಚಿದ್ದು."

"ಸುಮ್ನೆ ಗೀಚಿದ್ದರ ಕಾಲಲ್ಲಿ ಇಷ್ಟು ಭಯ ಇರಲ್ಲ. ಎಲ್ಲಿ ನೋಡಿದೆ?"

"ನಮ್ಮನೆ ಅಂಗಳದಲ್ಲಿ."

"ಮತ್ತೆ ಊರೆಲ್ಲ ಯಾಕೆ ಸುತ್ತಿದೆ ತಾಯಿ? ಇದೇ ನಿನ್ನ ಚಿತ್ರ. ವಾರದೊಳಗೆ ಒಂದೊಂದು ದೃಶ್ಯಾನೂ ಚೌಕ ಹಾಕಿ ಬರ್ಕೊಂಡು ಬಾ."

ಬರೆದೆ. ನಡೆದದ್ದನ್ನು ನಮ್ಮೂರು ಹೇಗೆ ಹೇಳುತ್ತದೋ ಹಾಗೇ ಬರೆದೆ.

ನಮ್ಮ ಕಡೆ ಕ್ರಿಸ್‌ಮಸ್ಸಿಗೆ ಐದು ದಿನ ಮೊದಲು, ಸಂತ ಇಗ್ನಾತ್ ದಿನ, ಮನೆಮನೆಯಲ್ಲೂ ಹಂದಿ ಕಡಿಯುತ್ತಾರೆ. ಕರುಣೆ ಇದ್ದವರು ಆವತ್ತು ಅಂಗಳದಲ್ಲಿ ನಿಲ್ಲಬಾರದು. ಯಾರಾದರೂ 'ಅಯ್ಯೋ ಪಾಪ' ಅಂದರೆ ಹಂದಿಯ ಜೀವ ಬೇಗ ಹೋಗುವುದಿಲ್ಲ. ನಮ್ಮಪ್ಪ ಗವ್ರಿಲ್ ಊರಿಗೆಲ್ಲ ಹಂದಿ ಚುಚ್ಚುವವನು. ಚಾಕು ಎತ್ತುವ ಮೊದಲು ಸುತ್ತ ಕಣ್ಣು ಹಾಯಿಸಿ ಕೇಳುತ್ತಿದ್ದ: "ಪಾಪ ಅನ್ನೋರು ಯಾರಾದ್ರೂ ಇದ್ರೆ ಈಗ್ಲೇ ಆಚೆ ನಡೀರಿ."

ಆಗ ನನಗೆ ಏಳು ವರ್ಷ, ಅಣ್ಣ ಸಿಮಿಯೊನ್‌ಗೆ ಹನ್ನೆರಡು. ಅಪ್ಪ ಬೆಳಗಿನಿಂದ ಮೂರು ಅಂಗಳ ಮುಗಿಸಿ ಬಂದಿದ್ದ. ಪ್ರತಿ ಅಂಗಳದಲ್ಲೂ ಪ್ಲಮ್ ಸಾರಾಯಿ ಕೊಡುತ್ತಾರೆ, ಬೇಡ ಅನ್ನುವ ಪೈಕಿ ಅಲ್ಲ ಅವನು. ನಾಲ್ಕು ಜನ ನಮ್ಮ ಹಂದಿಯನ್ನು ಕೆಡವಿ ಕಾಲು ಹಿಡಿದರು, ಅಪ್ಪ ಚುಚ್ಚಿದ. ಅದು ಕಿರುಚಿತು, ಒದ್ದಾಡಿತು, ಸುಮ್ಮನಾಯಿತು. ಮೈಮೇಲಿನ ಕೂದಲು ಸುಡಲು ಒಣಹುಲ್ಲು ಹೊದಿಸಿ ಬೆಂಕಿ ಕೊಟ್ಟರು. ಹುಲ್ಲು ಧಗ್ಗೆಂದಿತು, ಹಂದಿ ಎದ್ದು ನಿಂತಿತು.

ಉರಿಯುತ್ತಲೇ ಓಡಿತು. ಕಾಲು ಹಿಡಿದಿದ್ದ ಗಂಡಸರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾ ಬೇಲಿ ಹತ್ತಿದರು. ಹಂದಿ ನೇರ ಕೊಟ್ಟಿಗೆಗೆ ನುಗ್ಗಿತು, ಒಳಗಿನ ಹುಲ್ಲಿಗೆ ಬೆಂಕಿ ಹತ್ತಿತು. ನಮ್ಮ ಹಸುವನ್ನು ಒಳಗೆ ಸರಪಳಿಯಲ್ಲಿ ಕಟ್ಟಿತ್ತು. ಅದು ಎಷ್ಟು ಹೊತ್ತು ಕೂಗಿತು ಎಂದು ನಾನು ಹೇಳಲಾರೆ, ಅದರ ಕಣ್ಣು ಸಿಡಿದದ್ದನ್ನೂ ಬರೆಯಲಾರೆ. ಹಂದಿ ಮತ್ತೆ ಬಾಗಿಲಿಗೆ ಬಂದಾಗ ಅಪ್ಪ ಕೊಡಲಿ ಬೀಸಿದ. ಮೊದಲ ಏಟು ದವಡೆಗೆ ಬಿತ್ತು. ನಾಲ್ಕನೆಯದಕ್ಕೆ ಅದು ಸತ್ತಿತು.

ಅಪ್ಪ ಮುಖದ ರಕ್ತವನ್ನು ತೋಳಿಗೆ ಒರೆಸಿಕೊಂಡು ತಿರುಗಿದ. "ಅಯ್ಯೋ ಪಾಪ ಅಂದೋರು ಯಾರು?"

ಅಂದದ್ದು ಸಿಮಿಯೊನ್ ಎನ್ನುತ್ತದೆ ಊರು. ಅಪ್ಪ ಹುಲ್ಲು ಎತ್ತುವ ಕವೆಗೋಲನ್ನು ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಅವನ ತಲೆಯ ಎಡಭಾಗಕ್ಕೆ ಹೊಡೆದ. ಬಿದ್ದವನನ್ನು ಎಬ್ಬಿಸಿ ಇನ್ನೊಮ್ಮೆ ಹೊಡೆದ. ಕಿವಿಯಿಂದ ರಕ್ತ ಬಂದು ಕೊರಳಪಟ್ಟಿ ತೊಯ್ದು ಹೋಯಿತು. ಕುಣಿಯಲಾರದವನಿಗೆ ನೆಲ ಡೊಂಕು. ಕುಡಿದ ಕೈ ಗುಂಡಿಗೆ ತಪ್ಪಿಸಿ ಚುಚ್ಚಿತ್ತು ಎಂಬುದು ಬೇಲಿ ಹತ್ತಿದವರಿಗೆಲ್ಲ ಗೊತ್ತಿತ್ತು, ಬಾಯಿ ಮಾತ್ರ ಯಾರೂ ಬಿಡಲಿಲ್ಲ.

ಅಂದಿನಿಂದ ಅಣ್ಣನ ಎಡಕಿವಿ ಕೇಳುವುದಿಲ್ಲ. ಊರಲ್ಲಿ ಅವನ ಹೆಸರು 'ಅಯ್ಯೋಪಾಪ'. ಇಗ್ನಾತ್ ದಿನ ಯಾರ ಅಂಗಳಕ್ಕೂ ಅವನನ್ನು ಸೇರಿಸುವುದಿಲ್ಲ. ಆವತ್ತು ಸತ್ತ ಹಂದಿಯ ಹೆಸರಿನಲ್ಲಿ ಎಲ್ಲರಿಗೂ ಬಡಿಸುವ ಬಿಸಿ ಮಾಂಸ, ಮೆಕ್ಕೆಜೋಳದ ಮುದ್ದೆ ಅವನಿಗಿಲ್ಲ. ಬೆಳಿಗ್ಗೆಯೇ ಎದ್ದು ಸ್ಮಶಾನದ ದಿಬ್ಬಕ್ಕೆ ಹೋಗಿ, ಊರಿನ ಹೊಗೆ ಆರುವವರೆಗೆ ನಿಲ್ಲುತ್ತಾನೆ. ಹದಿಮೂರು ವರ್ಷದಿಂದ.

ಮೇಡಂ ನನ್ನ ನಲವತ್ತು ಚೌಕಗಳನ್ನು ಗೋಡೆಗೆ ಚುಚ್ಚಿ ಒಂದೊಂದನ್ನೂ ನೋಡಿದರು. ಹಂದಿಯನ್ನು ದಾಟಿ ಹೋದರು. ಮೂಲೆಯಲ್ಲಿ ನಿಂತ ಪುಟ್ಟ ಹುಡುಗಿಯ ಮೇಲೆ ಬೆರಳಿಟ್ಟರು.

"ಇವಳ್ಯಾರು?"

"ನಾನು."

"ಏನ್ ಮಾಡ್ತಿದಾಳೆ?"

"ನೋಡ್ತಿದಾಳೆ."

"ನಲವತ್ತು ಚೌಕದಲ್ಲೂ ನೋಡ್ತಾನೇ ಇದಾಳೆ. ಸೆಕೆಂಡಿಗೆ ಹನ್ನೆರಡು ಸಲ ಬರೀಬೇಕು ಕಣೇ ಒಬ್ಬೊಬ್ಬರನ್ನೂ. ಕೆಲಸ ಇಲ್ಲದೋಳನ್ನ ಅಷ್ಟು ಸಲ ಬರೆಯೋಕೆ ನಿಂಗೇನು ಹುಚ್ಚಾ? ಅಳಿಸಾಕು."

ರಬ್ಬರು ಕೈಗೆತ್ತಿಕೊಂಡೆ. ಅವಳನ್ನು ಅಳಿಸದೆ ಹಾಗೇ ಕೆಳಗಿಟ್ಟೆ.

"ಇವಳ ಕೈ ಎಲ್ಲಿ?" ಅಂದರು ಮೇಡಂ. "ಎಲ್ಲಾ ಚೌಕದಲ್ಲೂ ಬೆನ್ನ ಹಿಂದೆ. ಕೈ ಬರೆಯೋಕೆ ಬರದೋರು ಹಾಗೆ ಬಚ್ಚಿಡ್ತಾರೆ. ನಿಂಗೆ ಚೆನ್ನಾಗೇ ಬರುತ್ತೆ. ಮತ್ತೆ ಯಾಕೆ ಬಚ್ಚಿಟ್ಟೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಲಗೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡೆ. ಮೇಡಂ ಅದನ್ನು ನೋಡಿದರು. "ರಜೆ ಮುಗಿಸಿ ಬರುವಾಗ ಆ ಕೈ ತಗೊಂಡು ಬಾ. ಇಲ್ದಿದ್ರೆ ಬಣ್ಣದ ಡಬ್ಬ ರೆಡಿ ಇಟ್ಟಿರ್ತೀನಿ" ಎಂದು ಕಳಿಸಿದರು.

ಪಾಪ ಅಂದವಳು ನಾನು. ಚಾಕು ಇಳಿಯುವಾಗ ಅಣ್ಣನ ಪಕ್ಕ ನಿಂತು, ಅವನ ಅಂಗಿ ಹಿಡಿದುಕೊಂಡು ಪಿಸುಗುಟ್ಟಿದ್ದೆ. ಅಪ್ಪ ಕೇಳಿದಾಗ ಅವನ ಕಣ್ಣು ಮೊದಲು ಬಿದ್ದದ್ದು ನನ್ನ ಮೇಲೆ. ನಾನು ಬೆರಳೆತ್ತಿ ಅಣ್ಣನನ್ನು ತೋರಿಸಿದೆ.

ಇಗ್ನಾತ್ ದಿನ ಬೆಳಿಗ್ಗೆ ಬಸ್ಸಿಳಿದು ಮನೆಗೆ ಹೋದಾಗ ಅಂಗಳದಲ್ಲಿ ಹಂದಿಯನ್ನು ಆಗಲೇ ಕೆಡವಿದ್ದರು. ಪಕ್ಕದ ಮನೆಯ ಕೊಸ್ತಾನ್ ಮಾವ ಮತ್ತು ಅವನ ಇಬ್ಬರು ಅಳಿಯಂದಿರು ಕಾಲು ಹಿಡಿದಿದ್ದರು. ಅಪ್ಪನ ಗಡ್ಡ ಬೆಳ್ಳಗಾಗಿತ್ತು, ಚಾಕು ಮಾತ್ರ ಅದೇ.

"ಬಂದ್ಲಪ್ಪಾ ಪೇಟೆ ಚಿತ್ರಗಾತಿ!" ಅಂದ ಕೊಸ್ತಾನ್ ಮಾವ. "ನಮ್ಮ ಹಂದಿ ಚಿತ್ರ ಚೆನ್ನಾಗ್ ಬರಿಯವ್ವ, ಮೂತಿ ನನ್ನ ಹಾಗಿರ್ಲಿ."

"ಪಾಪ ಅನ್ನೋರು ಯಾರಾದ್ರೂ ಇದ್ರೆ ಆಚೆ ನಡೀರಿ" ಅಂದ ಅಪ್ಪ, ಹಂದಿಯ ಮೇಲಿನ ಕಣ್ಣು ತೆಗೆಯದೆ.

"ನಾನಿದೀನಿ" ಅಂದೆ. "ಆವತ್ತು ಅಂದೋಳೂ ನಾನೇ. ಅಣ್ಣ ಅಲ್ಲ."

ಅಳಿಯಂದಿರ ಹಿಡಿತ ಸಡಿಲವಾಯಿತು, ಹಂದಿ ಕೊಸರಿತು. ಅಪ್ಪ ಎದ್ದು ಬಂದ. ಎಡಗೈಯ ಹಿಂಬದಿಯಿಂದ ನನ್ನ ಬಾಯಿಗೆ ಹೊಡೆದ. ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಬಿದ್ದೆ. ಕೂದಲು ಹಿಡಿದು ಎಬ್ಬಿಸಿದ, ಚಾಕು ಇನ್ನೂ ಬಲಗೈಯಲ್ಲೇ ಇತ್ತು.

"ಹದಿಮೂರು ವರ್ಷ ಆಯ್ತು. ಈಗ ಏನ್ ಮಾಡ್ಲಿ ಹೇಳು? ತಪ್ಪು ಮಗಂಗೆ ಹೊಡೆದು ಕಿವುಡು ಮಾಡ್ದೆ ಅಂತ ಚರ್ಚಲ್ಲಿ ಸಾರ್ಲಾ?"

"ಸರಿ ಮಗು ಅಂತ ಒಂದಿತ್ತಾ ಅಪ್ಪ, ಹೊಡೆಯೋಕೆ?" ಬಾಯಲ್ಲಿ ರಕ್ತ ತುಂಬಿ ಮಾತು ತೊದಲುತ್ತಿತ್ತು. "ಚಾಕು ತಪ್ಪಿದ್ದು ನಿನ್ನ ಕೈಯಿಂದ."

ಅವನ ಮುಖ ಹಿಂಡಿದಂತಾಯಿತು. ನನ್ನನ್ನು ದಬ್ಬಿ, ಓಡಿ ಹೋಗಿ ಹಂದಿಯ ಮೇಲೆ ಮಂಡಿಯೂರಿ ಚುಚ್ಚಿದ. ಮತ್ತೆ ತಪ್ಪಿತು. ಇನ್ನೊಮ್ಮೆ ಚುಚ್ಚಿದ, ಇನ್ನೊಮ್ಮೆ. ಕೊಸ್ತಾನ್ ಮಾವ "ಗವ್ರಿಲ್, ಸಾಕು ಬಿಡೋ, ಸಾಕು!" ಎಂದು ಕೂಗುತ್ತಿದ್ದ. ಬಿಸಿ ರಕ್ತ ಹಿಮದ ಮೇಲೆಲ್ಲ ಚಿಮ್ಮಿ ಹಬೆಯಾಡುತ್ತಿತ್ತು. ಹಂದಿಯ ಕಿರುಚಾಟ ದಿಬ್ಬಕ್ಕೂ ಕೇಳುವಷ್ಟಿತ್ತು. ನಾನು ಚೀಲ ಎತ್ತಿಕೊಂಡು ದಿಬ್ಬದ ದಾರಿ ಹಿಡಿದೆ.

ಸಿಮಿಯೊನ್ ಸ್ಮಶಾನದ ಬೇಲಿಗೆ ಒರಗಿ ನಿಂತಿದ್ದ. ನಾನು ಅವನ ಬಲಗಡೆಗೆ ಹೋಗಿ ನಿಂತೆ, ಅವನ ಜೊತೆ ಮಾತಾಡುವವರು ಹಾಗೇ ನಿಲ್ಲಬೇಕು.

"ತುಟಿಗೆ ಏನಾಯ್ತೇ?"

"ಅಪ್ಪ. ಆವತ್ತು ಪಾಪ ಅಂದಿದ್ದು ನಾನು ಅಂತ ಹೇಳ್ದೆ."

"ಹ್ಞೂಂ."

"ಅಣ್ಣಾ, ಅಂದಿದ್ದು ನಾನು."

"ಗೊತ್ತು. ನೀನು ನನ್ನ ಎಡಗಡೆ ನಿಂತಿದ್ದೆ." ಸತ್ತ ಕಿವಿಯನ್ನು ಎರಡು ಬೆರಳಿನಿಂದ ಮುಟ್ಟಿಕೊಂಡ. "ಇದಕ್ಕೆ ಕೊನೇಲಿ ಬಿದ್ದ ಮಾತು ಅದೇ."

ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ. "ಇವತ್ತೇ ಯಾಕೆ ಹೇಳ್ದೆ?" ಎಂದು ಕೇಳಿದ. ಇನ್ನೊಂದು ಸುಳ್ಳಿಗೆ ನನ್ನಲ್ಲಿ ಧೈರ್ಯ ಇರಲಿಲ್ಲ. ಚೀಲದಿಂದ ಚೌಕಗಳ ಹಾಳೆ ತೆಗೆದು ಕೊಟ್ಟೆ, ಮೇಡಂ ಹೇಳಿದ್ದನ್ನೂ ಹೇಳಿದೆ.

ಅವನು ಒಂದೊಂದೇ ಹಾಳೆ ನೋಡಿದ. ಕೊಟ್ಟಿಗೆ, ಹಸು, ಕೊಡಲಿ, ಕವೆಗೋಲು. ಇದ್ದಕ್ಕಿದ್ದಂತೆ ನನ್ನ ಕೋಟಿನ ಕತ್ತುಪಟ್ಟಿ ಹಿಡಿದು ಬೇಲಿಗೆ ಒತ್ತಿದ. ಗೂಟ ಬೆನ್ನಿಗೆ ಚುಚ್ಚಿತು. ಅವನ ಮುಷ್ಟಿ ನನ್ನ ಗಂಟಲ ಮೇಲಿತ್ತು, ಉಸಿರು ಸಿಕ್ಕಿಹಾಕಿಕೊಂಡಿತು.

"ಏಳು ವರ್ಷದ ಕೂಸು ನೀನು, ಆ ಕೈಯೇಟಿಗೆ ಸತ್ತೇಹೋಗ್ತಿದ್ದೆ. ಅದಕ್ಕೇ ನಾನು ಸುಮ್ನಿದ್ದೆ. ಆಮೇಲೆ ನಿಂಗೆ ಹತ್ತಾಯ್ತು, ಹದಿನೈದಾಯ್ತು. ಪ್ರತಿ ಇಗ್ನಾತ್‌ಗೂ ಇಲ್ಲಿ ನಿಂತು ಆ ದಾರೀನೇ ನೋಡ್ತಿದ್ದೆ ಕಣೇ. ಇವತ್ತು ಬಂದು ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ. ನೀನು ಕೆಳಗೆ ಕೂತು ಮಾಂಸ ತಿಂತಿದ್ದೆ. ಈಗ ಒಂದು ಸಿನಿಮಾಕ್ಕೋಸ್ಕರ ಬಾಯಿ ಬಿಟ್ಯಾ?"

ಹೊಡೆಯಲಿ ಅಂತ ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೈ ಬಿಟ್ಟು, ಹಿಮದಲ್ಲಿ ಬಿದ್ದ ಹಾಳೆಗಳನ್ನು ಹೆಕ್ಕಿ, ಕೊನೆಯದನ್ನು ನನ್ನ ಮುಖದ ಮುಂದೆ ಹಿಡಿದ.

"ಕೈ ಯಾಕೆ ಬರೆದಿಲ್ಲ?"

"ಬರ್ತಾ ಇಲ್ಲ ಅಣ್ಣ. ಹೇಗೆ ಎತ್ತಿದೆ ಅಂತ ನೆನಪಾಗ್ತಿಲ್ಲ. ನಾವು ಬರೆಯೋ ಮುಂಚೆ ಕನ್ನಡಿ ಮುಂದೆ ನಿಂತು ಅದನ್ನೇ ಮಾಡಿ ನೋಡ್ತೀವಿ. ನನ್ನ ಕೈಲಿ ಆಗ್ಲಿಲ್ಲ."

"ಕನ್ನಡಿ ಯಾಕೆ? ನಾನಿಲ್ವಾ?"

ನನ್ನ ಫೋನು ಕಿತ್ತುಕೊಂಡು, ವಿಡಿಯೊ ಒತ್ತಿ, ಬೇಲಿಯ ಗೂಟಕ್ಕೆ ಒರಗಿಸಿಟ್ಟ. ನನ್ನ ಎದುರಿಗೆ ಮೂರು ಹೆಜ್ಜೆ ದೂರದಲ್ಲಿ ಬಂದು ನಿಂತ. ಇಪ್ಪತ್ತೈದು ವರ್ಷದ ಗಂಡಸು ಹನ್ನೆರಡರ ಹುಡುಗನಂತೆ ಕೈ ಇಳಿಬಿಟ್ಟುಕೊಂಡ.

"ಅಪ್ಪ ಕೇಳ್ತಿದಾನೆ. ತೋರಿಸು."

ಕೈ ಜೇಬಿನಿಂದ ಬರಲಿಲ್ಲ. ಅವನೇ ಬಂದು ಮಣಿಕಟ್ಟು ಹಿಡಿದು ಎಳೆದ, ಬೆರಳು ಬಿಡಿಸಿ ನೆಟ್ಟಗೆ ಮಾಡಿದ, ತನ್ನ ಜಾಗಕ್ಕೆ ಹೋಗಿ ನಿಂತ. ಎತ್ತಿದೆ. ಬೆರಳು ಅರ್ಧಕ್ಕೇ ನಿಂತಿತು.

"ಇನ್ನೊಂದ್ಸಲ."

ಎರಡನೇ ಸಲ ಅವನ ಎದೆಯವರೆಗೆ ಬಂತು. ಕೆಳಗೆ ನಮ್ಮ ಅಂಗಳದಲ್ಲಿ ಹುಲ್ಲಿಗೆ ಬೆಂಕಿ ಕೊಟ್ಟರು, ಹೊಗೆ ಎದ್ದಿತು. ಕಿರುಚಾಟ ನಿಂತಿತ್ತು. ಮೂರನೇ ಸಲ ಅವನ ಮುಖಕ್ಕೆ ಬೆರಳು ನೆಟ್ಟೆ. ಅವನು ಕಣ್ಣು ಮಿಟುಕಿಸಲಿಲ್ಲ.

"ಸಾಕಾ ಅಣ್ಣಾ?"

"ಇಲ್ಲ" ಅಂದ ಸಿಮಿಯೊನ್. "ಆವತ್ತು ನೀನು ಇನ್ನೂ ಬೇಗ ಎತ್ತಿದ್ದೆ."

ಆ ಬೆರಳಿಗೆ ಒಂದು ಸೆಕೆಂಡು ಬೇಕು, ಹನ್ನೆರಡು ಚಿತ್ರ ಆಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಬರೆಯುವಾಗ ನಾಲ್ಕೇ ಸಾಕಾಯಿತು.