ಮೇಡಂನ ಹೋಗಿ ಕೇಳು

ಅಮೆರಿಕದ ಯಾಕಿಮಾ ಕಣಿವೆಯಲ್ಲಿ ಚೆರ್ರಿ ಕೊಯ್ಲು ಬಂತೆಂದರೆ ಒಫೇಲಿಯ ತನ್ನ ಜೊತೆ ಮಗಳನ್ನೂ ಹಣ್ಣು ಪೆಟ್ಟಿಗೆಗೆ ತುಂಬುವ ಶೆಡ್ಡಿಗೆ ಕೆಲಸಕ್ಕೆ ಕರೆದೊಯ್ಯುವುದು ವಾಡಿಕೆ. ಊರಿನ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದ ಮಗಳು ನಯೇಲಿಗೆ ಈ ಸಲ ಬೇರೆಯೇ ಆಸೆಯಿತ್ತು. ಪಾಪ, ಬಾಯಿ ಬಿಟ್ಟಿರಲಿಲ್ಲ. ಚಳಿಗಾಲದ ಒಂದು ಸಂಜೆ ಅವಳ ಪರವಾಗಿ ಬಾಯಿ ಬಿಟ್ಟವಳು ಅದೇ ಕಾಲೇಜಿನ, ಪಕ್ಕದ ಮನೆಯ ಮರಿಸೇಲ.

"ಚಿಕ್ಕಮ್ಮ, ಹೋದ ಬೇಸಿಗೇಲಿ ನಾನು ವಿಶ್ವವಿದ್ಯಾಲಯದ ಲ್ಯಾಬಿಗೆ ಹೋಗಿದ್ನಲ್ಲ, ಚೆರ್ರಿ ಹುಳದ ಸಂಶೋಧನೆಗೆ? ನಯೇಲಿನೂ ಅರ್ಜಿ ಹಾಕ್ಲಿ."

"ಬಾಟ್ಲಿ ತೊಳ್ಯೋಕಾ? ಪುಕ್ಕಟೆ ಚಾಕರಿ!" ಒಫೇಲಿಯ ಟೋರ್ಟಿಯ ರೊಟ್ಟಿ ತಟ್ಟುತ್ತಲೇ ಮೂತಿ ತಿರುವಿದಳು.

"ಬಾಟ್ಲಿನೂ ತೊಳ್ದೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಸಂಬಳ ಕೊಟ್ರು, ಇರೋಕೆ ರೂಮೂ ಕೊಟ್ರು."

"ಅಷ್ಟು ಓದಿದೋರ ಮಧ್ಯೆ ಇವಳಿಗೇನು ತಿಳಿಯತ್ತೆ?"

"ನಮ್ಮಂಥ ಕಾಲೇಜಿನವ್ರಿಗೇ ಅಂತ ಇಟ್ಟಿರೋದು ಚಿಕ್ಕಮ್ಮ. ಅನುಭವ ಬೇಕಿಲ್ಲ, ಅವ್ರೇ ಕಲಿಸ್ತಾರೆ. ಪಾಠ ಮಾಡೋರದ್ದು ಒಂದು ಶಿಫಾರಸು ಪತ್ರ ಬೇಕು, ಅಷ್ಟೇ. ಶುಕ್ರವಾರ ಕೊನೇ ದಿನ. ಇವಳು ನೋಡಿದ್ರೆ ಜೀವಶಾಸ್ತ್ರದ ಹಾಲ್ವರ್ಸನ್ ಮೇಡಂನ ಕೇಳಲ್ವಂತೆ!"

ನಯೇಲಿ ತಲೆ ತಗ್ಗಿಸಿದಳು. "ದೊಡ್ಡೋರಿಗೆ ತೊಂದ್ರೆ ಕೊಡ್ಬಾರ್ದು ಅಂತ ಅಮ್ಮಾನೇ ಹೇಳಿದ್ದು."

ಒಫೇಲಿಯಳ ಕೈ ನಿಂತಿತು. ಹೌದು, ಮಗಳು ಚಿಕ್ಕವಳಿದ್ದಾಗಿನಿಂದ ಹೇಳಿಕೊಂಡೇ ಬಂದಿದ್ದಳು.

"ಶೆಡ್ಡಲ್ಲಿ ನಿಮ್ಗೆ ಕೆಲ್ಸ ಸಿಕ್ಕಿದ್ದು ಹೇಗೆ ಚಿಕ್ಕಮ್ಮ? ನೀವು ಗೇಟಿನ ತನಕ ಹೋಗಿ ನಾಚ್ಕೊಂಡು ವಾಪಸ್ ಬಂದ್ರಂತೆ. ನಮ್ಮಮ್ಮ ಕೈ ಹಿಡ್ದು ಒಳಗೆ ಎಳ್ಕೊಂಡು ಹೋಗಿ ಕೇಳ್ಸಿದ್ಲಂತೆ."

"ನಿಮ್ಮಮ್ಮನ ಬಾಯಲ್ಲಿ ಒಂದೂ ನಿಲ್ಲಲ್ಲ!" ಒಫೇಲಿಯ ನಕ್ಕಳು. ಆದರೆ ತಾನು ಕಲಿಸಿದ ಮರ್ಯಾದೆಯೇ ಮಗಳ ಓದಿಗೆ ಅಡ್ಡ ಬರುತ್ತಿದೆಯಲ್ಲ ಎಂದು ಅವಳಿಗೆ ನಿಜಕ್ಕೂ ಸಂಕಟವಾಯಿತು.

ಮರುದಿನ ತಾನೇ ಮಗಳ ಜೊತೆ ಹೋಗಿ ಮೇಡಂ ಕೋಣೆಯ ಬಾಗಿಲು ತಟ್ಟಿದಳು. ನಯೇಲಿ ತಡವರಿಸುತ್ತ ವಿಷಯ ಹೇಳಿದಳು.

"ಪ್ರಯೋಗ ಕೆಟ್ರೆ ಉಳಿದೋರೆಲ್ಲ ಮನೆಗೆ ಓಡ್ತಾರೆ. ನೀನೊಬ್ಳು ಕೂತು ಮತ್ತೆ ಮಾಡ್ತೀಯ," ಎಂದರು ಮೇಡಂ. "ಅದನ್ನೇ ಬರೀತೀನಿ. ನೀನು ಯಾವಾಗ ಕೇಳ್ತೀಯೋ ಅಂತಿದ್ದೆ. ಇನ್ನೇನಾದ್ರೂ ಕೇಳೋದಿದ್ಯಾ?"

"ನಂದಿದೆ ಮೇಡಂ," ಬಾಗಿಲಲ್ಲಿದ್ದ ಒಫೇಲಿಯ ಒಳಗೇ ಬಂದಳು. "ಆ ರೂಮಿನ ಬೀಗ ಗಟ್ಟಿಯಾಗಿದ್ಯಾ? ಊಟಕ್ಕೇನು? ನಾನು ಹೋಗಿ ನೋಡ್ಬಹುದಾ?"

ನಯೇಲಿ ಆಯ್ಕೆಯಾದಳು. ಜೂನ್ ತಿಂಗಳಲ್ಲಿ ಡಬ್ಬಿ ತುಂಬ ಅಮ್ಮ ಮಾಡಿದ ತಮಾಲೆ ಕಡುಬು ಕಟ್ಟಿಕೊಂಡು ಲ್ಯಾಬಿಗೆ ಹೊರಟಳು.

ನೀವೂ ಇಂಥ ಕಾಲೇಜಿನಲ್ಲಿ ಓದುತ್ತಿದ್ದೀರಾ? ಬೇಸಿಗೆಯ ಅರ್ಜಿಗಳನ್ನು ಚಳಿಗಾಲದಲ್ಲೇ ಕರೆಯುತ್ತಾರೆ. ಸಂಬಳ, ವಸತಿ, ಕೊನೆಯ ದಿನ ಎಲ್ಲವನ್ನೂ ವಿಚಾರಿಸಿ. ನಾಳೆ ತರಗತಿ ಮುಗಿದ ಮೇಲೆ ಮನೆಗೆ ಓಡಬೇಡಿ, ನಿಮ್ಮ ಮೇಷ್ಟ್ರ ಬಾಗಿಲು ತಟ್ಟಿ.