ಮೂವತ್ತನೆಯ ತುಣುಕು

ಅಜ್ಜಿ ಮಟಿಲ್ಡಾ ಬಿಕರ್ನಕಟ್ಟೆಯಲ್ಲಿ ಬಸ್ಸು ಹತ್ತಿದ ಸುದ್ದಿ ಬಂದಾಗಿನಿಂದ ಟಾನ್ಯಾಳ ಅಂಗೈ ಬೆವರುತ್ತಲೇ ಇತ್ತು. ಮಣ್ಣಗುಡ್ಡದ ಹಳೆಯ ಮನೆಯೊಂದರ ಚಾವಡಿಯಲ್ಲಿ ಅವಳ ಮೊದಲ ಛಾಯಾಚಿತ್ರ ಪ್ರದರ್ಶನ. ಗೋಡೆಯುದ್ದಕ್ಕೂ ಮೂವತ್ತು ಚಿತ್ರ, ಎಲ್ಲದರಲ್ಲೂ ಒಬ್ಬನೇ ಮನುಷ್ಯ: ಅವಳು ಹುಟ್ಟುವ ಮೊದಲೇ ತೀರಿಹೋದ ಅಜ್ಜ ಸಿಪ್ರಿಯನ್.

ಅಜ್ಜ ತೀರಿದ ದಿನ ಬಂತೆಂದರೆ ಅಜ್ಜಿ ಪ್ರತಿವರ್ಷ ಪತ್ರಿಕೆಯಲ್ಲಿ ಅವನ ಫೋಟೊ ಸಮೇತ ಸ್ಮರಣೆ ಹಾಕಿಸುತ್ತಾಳೆ. ಮದುವೆಯ ಫೋಟೊಗಳನ್ನು ಗೆದ್ದಲು ತಿಂದಿತ್ತು. ಉಳಿದ ಒಂದು ಮೊದಲ ವರ್ಷವೇ, ಪತ್ರಿಕೆಗೆ ಕೊಟ್ಟು ವಾಪಸು ತರುವಾಗ ಬಸ್ಸಿನಲ್ಲಿ ಕಳೆದುಹೋಯಿತು. ಅಂದಿನಿಂದ ಹಿಂದಿನ ವರ್ಷದ ಪತ್ರಿಕೆಯಿಂದ ಕತ್ತರಿಸಿಟ್ಟ ಮುಖವೇ ಮುಂದಿನ ವರ್ಷಕ್ಕೆ. ಮೊದಲ ಅಚ್ಚೇ ಮಸಿ ಮಸಿ. ಆಮೇಲೆ ಕಣ್ಣು ಕೂಡಿಹೋಯಿತು, ಮೂಗು ಮಾಯವಾಯಿತು. ಮೂವತ್ತನೆಯದರಲ್ಲಿ ಉಳಿದದ್ದು ಬಿಳಿ ಕಾಲರು, ಒಂದಿಷ್ಟು ಕಪ್ಪು ಚುಕ್ಕೆ. ಪ್ರತಿಯ ಪ್ರತಿ ತೆಗೆಯುತ್ತ ಹೋದರೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬುದು ಟಾನ್ಯಾಳ ಪ್ರಶ್ನೆ. ತುಣುಕುಗಳನ್ನೆಲ್ಲ ಬಾಗಿಲಿನಷ್ಟು ದೊಡ್ಡದು ಮಾಡಿ ತೂಗುಹಾಕಿದ್ದಳು. ಆದರೆ ಅಜ್ಜಿಯ ಪ್ರಾರ್ಥನೆ ಪುಸ್ತಕದಿಂದ ಅವನ್ನು ತೆಗೆದದ್ದು ಕೇಳದೆ.

ಈ ವರ್ಷದ ಸ್ಮರಣೆಗೆ ಇನ್ನು ಐದೇ ದಿನ. ನಿನ್ನೆ ಅಜ್ಜಿ ಪುಸ್ತಕ ಕೊಡವಿ ಹುಡುಕುತ್ತಿದ್ದಾಗ ಟಾನ್ಯಾ ಹೇಳಿಬಿಡಬಹುದಿತ್ತು. ನಾಳೆ ಪ್ರದರ್ಶನಕ್ಕೆ ಬನ್ನಿ ಎಂದಷ್ಟೇ ಹೇಳಿ ನುಣುಚಿಕೊಂಡಿದ್ದಳು. ತಪ್ಪು ತೊಳೆಯಲು ಅವಳ ಹತ್ತಿರ ಒಂದು ಉಡುಗೊರೆಯಿತ್ತು. ಬೈಕಂಪಾಡಿಯ ಕಾರ್ಖಾನೆಯಲ್ಲಿ ಅಜ್ಜನ ಜೊತೆ ದುಡಿದ ಶೀನಪ್ಪನವರಲ್ಲಿದ್ದ ಗುಂಪು ಫೋಟೊದಿಂದ ತೆಗೆದ, ರೆಪ್ಪೆಗೂದಲೂ ಕಾಣುವಂಥ ಮುಖ. ಮೂವತ್ತು ತುಣುಕುಗಳಾದ ಮೇಲೆ, ಸಾಲಿನ ಕೊನೆಗೆ ಅದನ್ನಿಟ್ಟಿದ್ದಳು.

“ನಿನ್ನ ಅಜ್ಜಿ ಬಂದ್ರು ಮಾರಾಯ್ತಿ. ನೀನೆಂತ ಕಂಬದ ಹಿಂದೆ?” ಗೆಳತಿ ಮನ್ವಿತಾ ಅವಳನ್ನು ಮುಂದೆ ನೂಕಿದಳು.

ಅಜ್ಜಿ ಶಿಲುಬೆಯ ಹಾದಿಯ ಪ್ರಾರ್ಥನೆಯಲ್ಲಿ ನಿಲ್ಲುವ ಹಾಗೆ ಒಂದೊಂದು ಚಿತ್ರದ ಮುಂದೆಯೂ ನಿಂತು ಸಾಗಿದಳು. ಮೂವತ್ತನೆಯದರ ಮುಂದೆ ಶಿಲುಬೆಯ ಗುರುತು ಮಾಡಿಕೊಂಡಳು. ಕೊನೆಯದಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿದಳು.

“ಇದು ಯಾರ ಮಗ?”

“ಅಜ್ಜ.” ಟಾನ್ಯಾ ಕಂಬದ ಬಳಿಯಿಂದ ಹತ್ತಿರ ಬಂದಳು.

ಹೊರಗೆ ರಿಕ್ಷಾವೊಂದು ಸ್ಟಾರ್ಟ್ ಆಗದೆ ಕೆಮ್ಮಿ ಸುಮ್ಮನಾಯಿತು. ಮೂವತ್ತೇಳು ವಯಸ್ಸಿನ ಆ ಮುಖ ಅಜ್ಜಿಯ ಮಗನ ಈಗಿನ ಮುಖಕ್ಕಿಂತಲೂ ಎಳೆಯದು.

“ಇಷ್ಟು ಚಿಕ್ಕವನಾ?” ಎಂದಳು ಅಜ್ಜಿ. “ನನ್ನ ಜೊತೆ ಇವನಿಗೂ ಪ್ರಾಯ ಆಯ್ತು ಅಂತ ಇದ್ದೆ ನಾನು.”

ಈ ಸಲ ಇದನ್ನೇ ಪತ್ರಿಕೆಗೆ ಕೊಡುವ, ಪ್ರಿಂಟು ತಯಾರುಂಟು ಎಂದು ಟಾನ್ಯಾ ಗಡಿಬಿಡಿಯಿಂದ ಹೇಳಿದಳು. ಅಜ್ಜಿ ಕೈ ಚಾಚಿದಳು, ಪ್ರಿಂಟಿಗಲ್ಲ.

“ನನ್ನ ತುಂಡು ಕೊಡು ಬಾಯೆ, ಮಗಳೇ. ನನಗೆ ಗುರ್ತ ಇರುವುದು ಅದರಲ್ಲಿ ಇರುವವನದ್ದು.”

“ಇನ್ನೊಮ್ಮೆ ಅಚ್ಚಾದ್ರೆ ಎಂತದೂ ಕಾಣ್ಲಿಕ್ಕಿಲ್ಲ.”

“ಹೆಸರು ಉಂಟಲ್ಲ.”

ಟಾನ್ಯಾ ಚೀಲದಿಂದ ಲಕೋಟೆ ತೆಗೆದು, ಕಳೆದ ವರ್ಷದ ತುಣುಕನ್ನು ಎಳೆದು ಕೊಟ್ಟಳು. ಅಜ್ಜಿ ಅದನ್ನು ಜೊತೆಗೆ ತಂದಿದ್ದ ಪ್ರಾರ್ಥನೆ ಪುಸ್ತಕದ ನಡುವೆ ಇಟ್ಟು ಎರಡೂ ಕೈಯಿಂದ ಒತ್ತಿದಳು. ಟಾನ್ಯಾಳ ಬೆವತ ಹೆಬ್ಬೆರಳಿಗೆ ತುಣುಕಿನ ಕಪ್ಪು ಮಸಿ ಹತ್ತಿತ್ತು. ಅಜ್ಜನಲ್ಲಿ ಉಳಿದಿದ್ದ ಎಷ್ಟು ಚುಕ್ಕೆ ತನಗೆ ಬಂದುಬಿಟ್ಟವೋ ಎಂದು ಅವಳು ಅದನ್ನು ಒರೆಸಿಕೊಳ್ಳಲೂ ಹೆದರಿ ಕೈ ಮುಚ್ಚಿ ನಿಂತಳು.