ಸಮ ಆದರೆ ಸಾಕು

"ಯಾರ ಹೆಸ್ರು ಕಳಿಸ್ಲಿ, ಅದೊಂದು ಹೇಳ್ಬಿಡಿ ಮೇಡಂ," ಎಂದು ಮುನೇಶ್ ಮತ್ತೆ ಕೇಳಿದ. ಲಾವಣ್ಯ ಗೋಡೆಯ ಮೇಲಿನ ಅಂಕಪಟ್ಟಿಯಿಂದ ಕಣ್ಣು ಕೀಳಲಿಲ್ಲ. ಎಷ್ಟು ಸಲ ಕೂಡಿದರೂ ಅಷ್ಟೇ.

ಚಿಂತಾಮಣಿಯ ಆ ಕಲ್ಯಾಣಮಂಟಪದಲ್ಲಿ ಬೆಳಗಿನಿಂದ ನಡೆದ ಮೊಬೈಲ್ ಫುಟ್ಬಾಲ್ ಪಂದ್ಯಾವಳಿ ಮುಗಿದಿತ್ತು; ಮುಗಿದೂ ಮುಗಿದಿರಲಿಲ್ಲ. ಜಂಗಮಕೋಟೆಯ ಶಿರೀಷಾಗೂ ಊರಿನವನೇ ಆದ ವೇಣುಗೂ ಸಮಸಮ ಅಂಕ. ರಾಜ್ಯಮಟ್ಟದ ಆಟಕ್ಕೆ ಇಲ್ಲಿಂದ ಹೋಗುವುದು ಒಬ್ಬರೇ, ಹೆಸರು ಸಂಜೆಯೊಳಗೆ ಮುಟ್ಟಬೇಕು. ಸಮ ಆದರೆ ಏನು ಮಾಡಬೇಕೆಂದು ಎಲ್ಲೂ ಹೇಳಿರಲಿಲ್ಲ. ಮೊಬೈಲ್ ಅಂಗಡಿಯ ಮುನೇಶ್ ಪಂದ್ಯಾವಳಿಯ ಬ್ಯಾನರು ಕಟ್ಟಿಸಿದ್ದ, ಮಜ್ಜಿಗೆ ಮಾಡಿಸಿದ್ದ, ನಿಯಮ ಮರೆತಿದ್ದ. "ಟೈ ಆಗ್ತದೆ ಅಂತ ಯಾರು ಕನಸು ಕಂಡಿದ್ರು ಮೇಡಂ? ಲೆಕ್ಕದ ಮೇಡಂ ಅಂತಾನೇ ನಿಮ್ಮನ್ನ ತೀರ್ಪುಗಾರ್ರು ಮಾಡಿದ್ದು."

ಲೆಕ್ಕವೇನೋ ಬರುತ್ತಿತ್ತು. ಬಂದಿದ್ದೇ ತೊಂದರೆ. ಗೋಲು ಎಣಿಸಿದರೆ ವೇಣು ಮುಂದೆ. ಇಬ್ಬರೂ ಎದುರಾದ ಆಟ ನೋಡಿದರೆ ಶಿರೀಷಾ ಗೆದ್ದಿದ್ದಳು. ಗೆಲುವು ಎಣಿಸಿದರೆ ವೇಣು, ಸೋಲು ಎಣಿಸಿದರೆ ಒಂದನ್ನೂ ಸೋಲದ ಶಿರೀಷಾ. ಯಾವ ನಿಯಮವನ್ನು ಬಾಯಿಗೆ ತಂದುಕೊಂಡರೂ ಅದು ಹೊರಗೆ ಬರುವ ಮೊದಲೇ ಒಂದು ಹೆಸರಾಗಿಬಿಡುತ್ತಿತ್ತು. ಮೇಲಾಗಿ ವೇಣು ಲಾವಣ್ಯಳ ಒಡಹುಟ್ಟಿದ ತಮ್ಮ.

"ಹೇಳೋದೇನೈತೆ, ಅವರ ಜನಕ್ಕೇ ಕೊಟ್ಕೋತಾರೆ ಬಿಡ್ರೀ," ಎಂದು ಹಿಂದಿನ ಕುರ್ಚಿಗಳಿಂದ ಯಾರೋ ಅಂದರು. ಯಾರೆಂದು ಲಾವಣ್ಯ ತಿರುಗಿ ನೋಡಲಿಲ್ಲ. ಈ ಮಾತು ಅವಳ ಮನೆಯವರಿಗೆ ಹೊಸದಲ್ಲ. ಓದಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ದಿನವೂ ಹಿಂದಿನಿಂದ ಇದೇ ದನಿ ಬಂದಿತ್ತು. ತಮ್ಮನಿಗೆ ಕೊಟ್ಟರೆ ಆ ದನಿ ಗೆಲ್ಲುತ್ತದೆ. ಆ ದನಿಗೆ ಹೆದರಿ ಕೊಡದೆ ಹೋದರೆ? ಬೆಳಗಿನಿಂದ ನೀರು ಕುಡಿಯದೆ ಆಡಿದ ಹುಡುಗ ಅಕ್ಕನ ಮರ್ಯಾದೆಗೆ ಸೋತಂತಾಗುತ್ತದೆ. ಅದ್ಯಾವ ನ್ಯಾಯ?

"ನಾಣ್ಯ ಹಾರಿಸ್ಬಿಡಿ ಅತ್ಲಾಗೆ!" ಎಂದರು ಮಂಟಪದ ಮ್ಯಾನೇಜರ್. ಅವರ ಹಿಂದೆ ಆರತಕ್ಷತೆಯ ಹೂವಿನವರು ಬುಟ್ಟಿ ಹೊತ್ತು ನಿಂತಿದ್ದರು. "ನಮ್ ಪಾರ್ಟಿ ಬರೋ ಹೊತ್ತಾಯ್ತು. ಮದ್ವೆ ಗಂಡಿಗೆ ಗೋಲ್ ಹೊಡ್ಸಾಕಾಗ್ತದಾ?"

ಎಲ್ಲರೂ ನಕ್ಕರು. ಶಿರೀಷಾಳ ಅಪ್ಪ ವೆಂಕಟರಾಮಪ್ಪ ನಗಲಿಲ್ಲ. ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಬಂದ ಕೈಯನ್ನು ಬಿಳಿ ಅಂಗಿಗೆ ತಾಗಿಸದಂತೆ ಹಿಡಿದೇ ಎದ್ದು ನಿಂತರು. "ಅದೆಂಗಾಯ್ತದಮ್ಮಾ ಮೇಡಮ್ಮಾ? ಮಗು ಕಷ್ಟ ಬಿದ್ದು ಆಡವ್ಳೆ. ನಿಮ್ ಹುಡುಗ್ನೂ ಆಡವ್ನೆ. ನಾಣ್ಯ ಏನ್ ಆಡೈತೆ?"

"ಹಂಗಾದ್ರೆ ಇನ್ನೊಂದು ಆಟ," ಎಂದ ಮುನೇಶ್.

ಅದು ಸರಿಯೆನಿಸಿ ಲಾವಣ್ಯ ಉಸಿರುಬಿಟ್ಟಳು. ಅಷ್ಟರಲ್ಲಿ ಶಿರೀಷಾಳ ಮೇಜು ಕಣ್ಣಿಗೆ ಬಿತ್ತು. ಹುಡುಗಿ ತನ್ನ ಹಳೆಯ ಫೋನನ್ನು ಒದ್ದೆ ಕರ್ಚೀಫಿನ ಮೇಲೆ ಅಂಗಾತ ಮಲಗಿಸಿ ಕೂತಿದ್ದಳು, ಜ್ವರ ಬಂದ ಮಗುವಿನ ಹಾಗೆ. ಬೆಳಗಿನಿಂದ ಆಡಿ ಅದು ಕಾದುಹೋಗಿತ್ತು. ಈಗ ಒತ್ತಿದ್ದು ಒಂದಾದರೆ ಓಡುವುದು ಇನ್ನೊಂದು. ವೇಣುವಿನದು ಹೊಸದು. ಪಂದ್ಯಾವಳಿಗೆ ನೋಂದಾಯಿಸಿದ ಫೋನು ಬಿಟ್ಟು ಬೇರೆಯದರಲ್ಲಿ ಆಡುವಂತಿರಲಿಲ್ಲ, ಉಳಿದವರೆಲ್ಲ ತಮ್ಮ ಫೋನುಗಳೊಂದಿಗೆ ಆಗಲೇ ಬಸ್ಸು ಹಿಡಿದಿದ್ದರು. ಇದ್ದದ್ದು ಇವೆರಡೇ.

"ಫೋನೇ ಸಮ ಇಲ್ಲ, ಆಟ ಎಲ್ಲಿ ಸಮ ಆಗ್ತದೆ?" ಎಂದಳು ಲಾವಣ್ಯ, ಯಾರಿಗೆಂದಿಲ್ಲದೆ. ತಲೆಯೊಳಗೆಲ್ಲ ಕಲಸುಮೇಲೋಗರ.

"ಅಕ್ಕಾ," ಎಂದ ವೇಣು. ಬೆಳಗಿನಿಂದ ಎಲ್ಲರ ಮುಂದೆ ಮೇಡಂ ಎನ್ನುತ್ತಿದ್ದವನು. "ಅಮ್ಮ ನಮಗೆ ಮಾವಿನಹಣ್ಣು ಕೊಡ್ತಿದ್ದಿಲ್ವಾ, ಹಂಗೆ ಮಾಡಣ."

ಅವಳಿಗೆ ತಕ್ಷಣ ಹೊಳೆಯಿತು, ಉಳಿದವರಿಗೆ ಹೊಳೆಯಲಿಲ್ಲ. ಅವನೇ ಬಿಡಿಸಿ ಹೇಳಿದ. "ಹಣ್ಣು ಒಂದೇ ಇದ್ರೆ ಒಬ್ರು ಕೊಯ್ಬೇಕು, ಇನ್ನೊಬ್ರು ಆರಿಸ್ಕೋಬೇಕು. ಓಟೆ ಇರೋ ಕಡೆಗೆ ಜಾಸ್ತಿ ತಿರುಳು ಬಿಟ್ಟು ಕೊಯ್ದಿಲ್ಲ ಅಂದ್ರೆ ಕೊಯ್ದೋರಿಗೇ ಓಟೆ. ಈ ಕಾದಿರೋ ಫೋನು ಓಟೆ ಅನ್ಕೊಳ್ಳಿ. ಇದ್ರಲ್ಲಿ ಆಡೋರಿಗೆ ಏನು ಜಾಸ್ತಿ ಕೊಡ್ಬೇಕು ಅಂತ ಒಬ್ರು ಹೇಳೋದು. ಯಾವ ಫೋನು ಬೇಕು ಅಂತ ಇನ್ನೊಬ್ರು ಎತ್ಕೊಳ್ಳೋದು."

"ಇದ್ಯಾವ ರೂಲ್ಸಪ್ಪಾ," ಎಂದ ಮುನೇಶ್. "ನಮ್ಮಲ್ಲೂ ಅಣ್ಣತಮ್ಮಂದ್ರು ಹೊಲ ಹಂಗೇ ಭಾಗ ಮಾಡ್ಕೊಂಡಿದ್ದು," ಎಂದರು ವೆಂಕಟರಾಮಪ್ಪ ನಿಧಾನವಾಗಿ.

"ಕೊಯ್ಯೋರು ಯಾರು?" ಎಂದಳು ಶಿರೀಷಾ. ಬೆಳಗಿನಿಂದ ಅವಳ ದನಿ ಕೇಳಿದ್ದೇ ಈಗ.

ಆರಿಸುವವರದೇ ಮೇಲುಗೈ; ಅದನ್ನು ಯಾರಿಗೆ ಕೊಟ್ಟರೂ ಮತ್ತೊಂದು ತೀರ್ಪೇ. ಆದರೆ ಲಾವಣ್ಯ ಬಾಯಿ ತೆರೆಯುವ ಮೊದಲೇ ವೇಣು, "ನಾನೇ ಕೊಯ್ತೀನಿ," ಎಂದ. ಮನೆಯಲ್ಲಿ ಕೊಯ್ಯುತ್ತಿದ್ದವಳು ದೊಡ್ಡವಳಾದ ಅವಳು. ಆರಿಸುತ್ತಿದ್ದವನು ಅವನು.

ಅವನು ಎರಡೂ ಫೋನನ್ನು ಕೈಯಲ್ಲಿ ತೂಗಿದ. ಬಿಸಿ ಫೋನನ್ನು ಒತ್ತಿ ನೋಡಿದ, ಹಣ್ಣು ಒತ್ತಿದ ಹಾಗೆ. "ಒಂದು ಗೋಲು ಮುಂದೆ..." ಎಂದು ಶುರು ಮಾಡಿ ತಲೆ ಅಲ್ಲಾಡಿಸಿದ. "ಅದು ಜಾಸ್ತಿ ಆಯ್ತು. ಈ ಫೋನಲ್ಲಿ ಆಡೋರಿಗೆ ಸಮ ಆದ್ರೆ ಸಾಕು. ಸಮ ಆದ್ರೆ ಅವರೇ ಗೆದ್ದಂಗೆ."

ಶಿರೀಷಾ ಅಪ್ಪನ ಕಡೆ ನೋಡಿದಳು. ಅವರಿಗೇನು ಗೊತ್ತು, ಅವರು ಇವಳನ್ನೇ ನೋಡುತ್ತಿದ್ದರು. ಹೊಸ ಫೋನಿನತ್ತ ಕೈ ಹೋಯಿತು, ನಿಂತಿತು. ಕೊನೆಗೆ ತನ್ನದನ್ನೇ ಎತ್ತಿಕೊಂಡಳು.

ಆಟ ನಡೆಯುವಷ್ಟು ಹೊತ್ತೂ ಲಾವಣ್ಯಳಿಗೆ ಯಾರ ಪರದೆ ನೋಡಬೇಕೆಂದೇ ತಿಳಿಯಲಿಲ್ಲ. ವೇಣು ಗೋಲು ಹೊಡೆದಾಗ ಕೈ ತಾನಾಗಿಯೇ ಚಪ್ಪಾಳೆಗೆ ಎದ್ದು ಅರ್ಧದಲ್ಲೇ ಇಳಿಯಿತು. ಶಿರೀಷಾಳ ಚೆಂಡು ನಿಂತು ನಿಂತು ಓಡುತ್ತಿತ್ತು. ಕೊನೆಯ ಗಳಿಗೆಯಲ್ಲಿ ಹಾಗೇ ನಿಂತ ಚೆಂಡು ಎಲ್ಲರನ್ನೂ ಯಾಮಾರಿಸಿ ಬಲೆಗೆ ಉರುಳಿತು. ಸೀಟಿ ಕೂಗಿತು.

ಒಂದು, ಒಂದು.

ಯಾರೂ ಚಪ್ಪಾಳೆ ತಟ್ಟಲಿಲ್ಲ. "ಮತ್ತೆ ಸಮಾನೇ ಆಯ್ತಲ್ಲಪ್ಪೋ!" ಎಂದರು ಮ್ಯಾನೇಜರ್. "ಏನಾಯ್ತಮ್ಮಾ, ನಮ್ ಮಗು ಗೆದ್ಲಾ, ಸೋತ್ಲಾ?" ಎಂದು ವೆಂಕಟರಾಮಪ್ಪ ಒಬ್ಬೊಬ್ಬರ ಮುಖ ನೋಡಿದರು.

"ಶಿರೀಷಾ ಹೆಸರು ಕಳಿಸಿ ಮುನೇಶ್," ಎಂದಳು ಲಾವಣ್ಯ. ವೇಣು ಸರಿಯಾಗಿ ಕೊಯ್ದನೋ, ಬೇಕೆಂದೇ ತಿರುಳು ಆ ಕಡೆ ಬಿಟ್ಟನೋ? ಅವನ ಮುಖದಲ್ಲಿ ಹುಡುಕಿದಳು. ಅವನು ಮುಖ ತೋರಲಿಲ್ಲ. ಹೂವಿನವರ ಬುಟ್ಟಿಗಳನ್ನು ದಾಟಿ ಹೋಗಿ, ಮಜ್ಜಿಗೆಯ ಡ್ರಮ್ಮಿನಲ್ಲಿ ಉಳಿದಿದ್ದ ಐಸಿನ ಚೂರನ್ನು ನೀರಿನ ಲೋಟಕ್ಕೆ ಹಾಕಿಕೊಂಡು ಬಂದು ಶಿರೀಷಾಳ ಮುಂದಿಟ್ಟ. ಹುಡುಗಿ ಕುಡಿಯಲಿಲ್ಲ. ಕೆಂಪಾದ ಎರಡೂ ಹೆಬ್ಬೆರಳನ್ನು ಲೋಟದೊಳಗೆ ಅದ್ದಿ, ಕಣ್ಣು ಮುಚ್ಚಿ ಕೂತಳು.